ಗಳದ ಮೇಲಿನ ಸೀರೆ, ಸೂರಿನ ಗೆರಟೆ

ಮಡಿ ಅಂದರೇನು ಎಂದು ಈಗಿನ ಮಕ್ಕಳಿಗೆ ಹೇಳಲು ಹೊರಟರೆ ಅರ್ಧಕ್ಕೇ ನಗು ಬಂದುಬಿಡುತ್ತದೆ, ಅವರಿಗೂ ನನಗೂ. ಆದರೆ ಕೊಪ್ಪದ ಕಡೆಯ ನಮ್ಮ ತೋಟದ ಮನೆಯಲ್ಲಿ ಅರವತ್ತರ ದಶಕದಲ್ಲಿ ಅದು ನಗುವ ಸಂಗತಿಯಾಗಿರಲಿಲ್ಲ. ಅಕ್ಷರ ಕಲಿಯುವುದಕ್ಕೆ ಮುಂಚೆ ನಾವು ಕಲಿತ ವಿದ್ಯೆ ಅದು. ಯಾರನ್ನು ಮುಟ್ಟಬಹುದು, ಯಾವಾಗ ಮುಟ್ಟಬಹುದು, ಯಾವ ಪಾತ್ರೆ ಯಾವ ಕೈಗೆ ಎಂಬುದೆಲ್ಲ ನಾಲ್ಕು ವರ್ಷದ ಮಗುವಿಗೂ ಬಾಯಿಪಾಠ. ದೇವರು ಯಾರು, ಎಲ್ಲಿದ್ದಾನೆ ಎಂದು ಯಾರೂ ಕೂರಿಸಿಕೊಂಡು ಹೇಳಿಕೊಟ್ಟ ನೆನಪಿಲ್ಲ. ನಮ್ಮ ಧರ್ಮಶಿಕ್ಷಣವೆಲ್ಲ ಒಂದೇ ಕೂಗಿನಲ್ಲಿ ಮುಗಿದಿತ್ತು: ‘ಮುಟ್ಟೀಯೆ, ದೂರ ಹೋಗೇ!’

ಕೂಗುತ್ತಿದ್ದವರು ನನ್ನ ಅಜ್ಜಿ, ಅಪ್ಪನ ತಾಯಿ. ಇಬ್ಬರು ಮಕ್ಕಳಾದ ಮೇಲೆ, ಇನ್ನೂ ಹರೆಯದಲ್ಲೇ ಗಂಡನನ್ನು ಕಳೆದುಕೊಂಡವರು. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿ ಅವರನ್ನು ಅಡುಗೆಮನೆಗೆ ಕೂಡಿಸಿದ್ದರು. ಊರಿಗೆಲ್ಲ ಅವರು ಮಡಿ ಅಜ್ಜಿ. ಅಡುಗೆಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಮಾಡಿನಿಂದ ಇಳಿಬಿಟ್ಟ ಬಿದಿರಿನ ಗಳವಿತ್ತು, ಮಕ್ಕಳ ಕೈಗೆ ಎಟುಕದಷ್ಟು ಎತ್ತರಕ್ಕೆ. ಮಡಿಯಲ್ಲಿ ಒಗೆದ ಸೀರೆಯನ್ನು ಕೋಲಿನಿಂದ ಅದರ ಮೇಲೆ ಹರವುವುದು, ಮರುದಿನ ಮಿಂದು ಬಂದು ಅದೇ ಕೋಲಿನಿಂದ ಇಳಿಸಿ ಉಡುವುದು. ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಬೀಳದೆ ಸೀರೆ ಒಣಗದಿದ್ದರೆ ಒದ್ದೆಯನ್ನೇ ಉಟ್ಟು ಒಲೆಯ ಮುಂದೆ ಕೂರುತ್ತಿದ್ದರು. ಅಜ್ಜಿಯ ಕೆಮ್ಮು ಆಷಾಢದಲ್ಲಿ ಹಿಡಿದರೆ ದೀಪಾವಳಿಯವರೆಗೆ ಬಿಡುತ್ತಿರಲಿಲ್ಲ.

ನಿಯಮಗಳಲ್ಲಿ ಒಂದು ತರ್ಕವೂ ಇತ್ತು, ಇಲ್ಲವೆನ್ನಲಾರೆ. ಹತ್ತಿ ಬಟ್ಟೆಗೆ ಮೈಲಿಗೆ ಬೇಗ ತಗಲುತ್ತದೆ, ರೇಷ್ಮೆಗೂ ಉಣ್ಣೆಗೂ ಅಷ್ಟಾಗಿ ಇಲ್ಲ. ಹಾಗಾಗಿ ಗಂಡಸರಿಗೆ ಪೂಜೆಗೆ ಮುಗುಟ, ಚಳಿಗೆ ಧಾಬಳಿ. ನೀರಿನಲ್ಲಿ ಬೆಂದ ಅನ್ನ ಮುಸುರೆ, ಎಣ್ಣೆಯಲ್ಲಿ ಕರಿದದ್ದಕ್ಕೆ ರಿಯಾಯಿತಿ. ಪ್ರಯಾಣಕ್ಕೆ ಹೊರಟವರ ಬುತ್ತಿಯಲ್ಲಿ ಅನ್ನವಿರದೆ ಅವಲಕ್ಕಿ, ಚಕ್ಕುಲಿ ಇರುತ್ತಿದ್ದುದು ಇದಕ್ಕೇ. ಅನ್ನ ಮುಟ್ಟಿದ ಕೈಯನ್ನು ತೊಳೆಯದೆ ಮೊಸರಿನ ಪಾತ್ರೆ ಮುಟ್ಟುವಂತಿಲ್ಲ. ಉಂಡ ಜಾಗಕ್ಕೆ ಸಗಣಿ ಸಾರಿಸಬೇಕು. ಹುಟ್ಟಿದರೂ ಸತ್ತರೂ ಹತ್ತು ದಿನದ ಸೂತಕ. ಕುಡಿಯುವ ನೀರಿನ ಬಾವಿಯೂ ಫ್ರಿಜ್ಜಿಲ್ಲದ ಅಡುಗೆಮನೆಯೂ ಇದ್ದ ಕಾಲದಲ್ಲಿ ಇದರಲ್ಲಿ ಒಂದಿಷ್ಟು ಆರೋಗ್ಯಶಾಸ್ತ್ರ ಇತ್ತೆಂದು ವಾದಿಸುವವರಿದ್ದಾರೆ. ಕೈ ತೊಳೆಯುವ ಮಟ್ಟಿಗೆ ಒಪ್ಪಿಕೊಳ್ಳೋಣ. ಆದರೆ ಆಗಷ್ಟೇ ಮಿಂದು ಶುಭ್ರ ಬಟ್ಟೆ ತೊಟ್ಟ ಆಳು ಮಗ ಮುಟ್ಟಿದರೆ ಮಡಿ ಕೆಡುತ್ತದೆ, ಹಟ್ಟಿಯಲ್ಲಿ ಹೊರಳಾಡಿದ ಕರು ಮುಟ್ಟಿದರೆ ಕೆಡುವುದಿಲ್ಲ ಎಂಬ ಲೆಕ್ಕದಲ್ಲಿ ಯಾವ ಕ್ರಿಮಿಯ ವಿಚಾರವಿದೆಯೋ ನನಗೆ ತಿಳಿಯದು.

ಈ ಲೆಕ್ಕದಲ್ಲಿ ಇನ್ನೊಂದು ವಿಚಿತ್ರವಿದೆ. ಮೈಲಿಗೆ ಬಂದು ಮಡಿಯನ್ನು ಮುಟ್ಟಿದರೆ ಮಡಿ ಹೋಗುತ್ತದೆ. ಮಡಿಯೇ ಹೋಗಿ ಮೈಲಿಗೆಯನ್ನು ಮುಟ್ಟಿದರೂ ಹೋಗುವುದು ಮಡಿಯೇ. ಅಜ್ಜಿ ಮುಟ್ಟಿದ್ದರಿಂದ ನಾನು ಶುದ್ಧಳಾದೆ ಎಂದು ಒಂದು ದಿನವೂ ಆಗಲಿಲ್ಲ. ಯಾವಾಗಲೂ ಸೋಲುವುದು ಮಡಿಯ ಪಕ್ಷವೇ ಆದ್ದರಿಂದ ಮಡಿಯಲ್ಲಿದ್ದವರು ಸದಾ ಹೆದರಿಕೊಂಡೇ ಇರಬೇಕು. ಹೊರಗಿನಿಂದ ನೋಡುವವರಿಗೆ ಅದು ಸೊಕ್ಕಾಗಿ ಕಂಡೀತು. ಮನೆಯೊಳಗೆ ಬೆಳೆದ ನನಗೆ ಗೊತ್ತು, ಸೊಕ್ಕಿಗಿಂತ ಹೆಚ್ಚಾಗಿ ಅದು ಹೆದರಿಕೆ.

ಈ ಹೆದರಿಕೆ ನಮ್ಮ ಸೊತ್ತು ಮಾತ್ರವೂ ಅಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಸತ್ತ ಜಿರಲೆಯೊಂದನ್ನು ಕ್ರಿಮಿಯೊಂದೂ ಉಳಿಯದ ಹಾಗೆ ಶುದ್ಧಗೊಳಿಸಿ, ಹಣ್ಣಿನ ರಸದ ಲೋಟಕ್ಕೆ ಅದ್ದಿ ತೆಗೆದರು. ಅಪಾಯವೇನೂ ಇಲ್ಲ ಎಂದು ತಿಳಿಸಿಯೂ ಹೇಳಿದರು. ಓದಿದ, ತಿಳಿದ ಜನ ಲೋಟ ದೂರ ತಳ್ಳಿದರು. ಒಮ್ಮೆ ತಗಲಿದ್ದು ಸದಾ ತಗಲಿಕೊಂಡೇ ಇರುತ್ತದೆ ಎಂಬ ಭಾವನೆಯನ್ನು ಬುದ್ಧಿ ಅಷ್ಟು ಸುಲಭವಾಗಿ ಅಳಿಸಲಾರದು ಎಂಬುದು ಅವರು ಕಂಡದ್ದು. ಜಿರಲೆಯ ಬಗೆಗಿನ ಹೇಸಿಗೆಯಿಂದ ಯಾರಿಗೂ ಅನ್ಯಾಯವಿಲ್ಲ. ಅದೇ ಹೇಸಿಗೆಯನ್ನು ಎತ್ತಿ ಮನುಷ್ಯನ ಮೇಲಿಟ್ಟಾಗ, ಅದೂ ಮಗುವಿಗೆ ಪ್ರಶ್ನೆ ಕೇಳಲು ಬಾರದ ವಯಸ್ಸಿನಲ್ಲಿ ಇಟ್ಟಾಗ, ದೊಡ್ಡವನಾದ ಮೇಲೆ ಎಂಥ ಭಾಷಣ ಕೇಳಿದರೂ ಕೈ ತಾನಾಗಿ ಹಿಂದೆ ಸರಿಯುತ್ತದೆ. ಸಮಾನತೆಯ ಬಗ್ಗೆ ಗಂಟೆಗಟ್ಟಲೆ ಮಾತಾಡಿ, ಊಟಕ್ಕೆ ಕೂರುವಾಗ ಪಂಕ್ತಿಯಲ್ಲಿ ಪಕ್ಕದವರು ಯಾರೆಂದು ಕಣ್ಣಂಚಿನಲ್ಲಿ ನೋಡಿಕೊಳ್ಳುವ ಸಜ್ಜನರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವರು ಸುಳ್ಳುಗಾರರಲ್ಲ. ಮಾತು ಆಮೇಲೆ ಕಲಿತದ್ದು, ಹೇಸಿಗೆ ಮೊದಲು ಕಲಿತದ್ದು.

ನಮ್ಮ ಮನೆಯ ದನದ ಕೊಟ್ಟಿಗೆಯ ಸೂರಿನಲ್ಲಿ ತೆಂಗಿನ ಗೆರಟೆಗಳು ಸಿಕ್ಕಿಸಿರುತ್ತಿದ್ದವು. ತೋಟದ ಕೆಲಸಕ್ಕೆ ಬರುತ್ತಿದ್ದ ದಲಿತ ಆಳುಗಳಿಗೆ ಕಾಫಿ ಕೊಡುವುದು ಅದರಲ್ಲಿ. ಅವರೇ ಇಳಿಸಿಕೊಂಡು, ಒರೆಸಿಕೊಂಡು, ಅಂಗಳದಾಚೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಲ್ಲಿ ಹಿಡಿಯಬೇಕು. ಮೇಲಿನಿಂದ ಧಾರೆಯಾಗಿ ಹೊಯ್ಯಬೇಕು, ಚೊಂಬಿಗೂ ಗೆರಟೆಗೂ ನಡುವೆ ಒಂದು ಮೊಳ ಅಂತರ ಉಳಿಯುವ ಹಾಗೆ. ಕುಡಿದಾದ ಮೇಲೆ ತೊಳೆದು ಮತ್ತೆ ಸೂರಿಗೆ ಸಿಕ್ಕಿಸುವುದೂ ಅವರ ಕೆಲಸವೇ. ಮಳೆಗೆ ನೆನೆದು, ಹೊಗೆ ಹಿಡಿದು ಕಪ್ಪಾದ ಆ ಗೆರಟೆಗಳಲ್ಲಿ ಯಾವುದು ಯಾರದೆಂದು ಅವರಿಗೆ ಗೊತ್ತಿತ್ತು.

ಇಷ್ಟು ಹೇಳಿದ ಮೇಲೆ ಅಜ್ಜಿ ಕ್ರೂರಿಯಾಗಿರಬೇಕು ಎಂದುಕೊಂಡರೆ ಅದು ಸರಿಯಲ್ಲ. ಕೊಡುವುದರಲ್ಲಿ ಅವರ ಕೈ ದೊಡ್ಡದು. ಆಳುಗಳ ಮನೆಯಲ್ಲಿ ಯಾರಿಗಾದರೂ ಜ್ವರ ಬಂತೆಂದು ಕಿವಿಗೆ ಬಿದ್ದರೆ ಸಾಕು, ಗಂಜಿ ಬೇಯಿಸಿ ಬಾಳೆಲೆ ಮುಚ್ಚಿ, ಜತೆಗೆ ಮಾವಿನಮಿಡಿ ಉಪ್ಪಿನಕಾಯಿ ಇಟ್ಟು ಕಳಿಸುತ್ತಿದ್ದರು. ಬಾಣಂತಿಗೆ ಬೆಲ್ಲ, ತುಪ್ಪ, ಹಳೆ ಸೀರೆ. ಹಬ್ಬದ ಮರುದಿನ ಬುಟ್ಟಿ ತುಂಬ ಕಡುಬು. ಅಂಗಳದಾಚೆ ನಿಂತ ಹೆಂಗಸು, ‘ಅಮ್ಮೋರೇ, ನಿಮ್ಮ ಹೊಟ್ಟೆ ತಣ್ಣಗಿರ್ಲಿ’ ಎಂದರೆ ಅಜ್ಜಿಗೆ ನಿಜಕ್ಕೂ ಕಣ್ಣು ತುಂಬುತ್ತಿತ್ತು. ಆದರೆ ಗಂಜಿಯ ಪಾತ್ರೆಯನ್ನು ಇಡುವುದು ದಣಪೆಯ ಪಕ್ಕದ ಕಲ್ಲಿನ ಮೇಲೆ, ಇಟ್ಟವರು ಹಿಂದೆ ಸರಿದ ಮೇಲೆ ಎತ್ತಿಕೊಳ್ಳುವುದು ಅವರು.

ಧಾರ್ಮಿಕ ಮನೆಗಳು ಮಕ್ಕಳಿಗೆ ಕರುಣೆ ಕಲಿಸುವುದಿಲ್ಲ ಎಂಬ ದೂರನ್ನು ನಾನು ಒಪ್ಪದಿರುವುದು ಇದಕ್ಕೇ. ಕಲಿಸುತ್ತವೆ, ಧಾರಾಳವಾಗಿ ಕಲಿಸುತ್ತವೆ. ಕಾಗೆಗೆ ಅನ್ನ ಇಡುವುದು, ಹೊತ್ತಲ್ಲದ ಹೊತ್ತಿಗೆ ಬಂದವರಿಗೆ ಎಲೆ ಹಾಕುವುದು, ಇರುವೆ ಸಾಲನ್ನು ದಾಟಿ ನಡೆಯುವುದು, ಇವೆಲ್ಲ ನಾನು ಅದೇ ಮನೆಯಲ್ಲಿ ಕಲಿತದ್ದು. ಆದರೆ ಆ ಕರುಣೆ ಜಗಲಿಯಿಂದ ಅಂಗಳಕ್ಕೆ ಇಳಿಯುವ ಕರುಣೆ. ಇನ್ನೊಬ್ಬನ ಸಂಕಟವನ್ನು ಒಳಗಿನಿಂದ ಅರಿಯಬೇಕಾದರೆ ಅವನ ಮಟ್ಟದಲ್ಲಿ ಕೂರಬೇಕು. ಕೂರುವುದಕ್ಕೇ ನಿಷೇಧವಿದ್ದಲ್ಲಿ ಗಂಜಿ ಹೋಗುತ್ತದೆ, ಮನಸ್ಸು ಹೋಗುವುದಿಲ್ಲ. ಜ್ವರ ಬಂದ ಆ ಮನೆಯ ಮಾಡು ಸೋರುತ್ತಿದೆಯೇ, ಮಲಗುವುದಕ್ಕೆ ಚಾಪೆ ಇದೆಯೇ ಎಂಬುದು ಇಷ್ಟು ವರ್ಷ ಗಂಜಿ ಕಳಿಸಿದ ನಮ್ಮ ಮನೆಯ ಯಾರಿಗೂ ಗೊತ್ತಿರಲಿಲ್ಲ. ಯಾರೂ ಅಲ್ಲಿಗೆ ಹೋಗಿರಲಿಲ್ಲ.

ದಿನಾ ಕಣ್ಣೆದುರು ಓಡಾಡುವವರ ಮೇಲೆ ದಿನಗಳೆದಂತೆ ಸಲುಗೆ ಹುಟ್ಟಿ, ಭೇದ ತಾನಾಗಿ ಕರಗುವುದಿಲ್ಲವೇ ಎಂದು ಕೇಳಬಹುದು. ಹಾರ್ವರ್ಡಿನ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಬರೆದ ‘ದಿ ನೇಚರ್ ಆಫ್ ಪ್ರಿಜುಡೀಸ್’ ಎಂಬ ಪುಸ್ತಕದಲ್ಲಿ ಇದೇ ಪ್ರಶ್ನೆಯಿದೆ. ಸುಮ್ಮನೆ ಹತ್ತಿರ ಇದ್ದ ಮಾತ್ರಕ್ಕೆ ಪೂರ್ವಗ್ರಹ ಹೋಗುವುದಿಲ್ಲ, ಅದಕ್ಕೆ ಕೆಲವು ಷರತ್ತುಗಳಿವೆ ಎಂದರು ಅವರು. ಇಬ್ಬರೂ ಆ ಹೊತ್ತಿಗೆ ಸರಿಸಮನಾಗಿ ನಿಂತಿರಬೇಕು. ಒಂದೇ ಗುರಿಗಾಗಿ, ಪೈಪೋಟಿಯಿಲ್ಲದೆ ಕೂಡಿ ದುಡಿಯಬೇಕು. ಕಾನೂನೋ ಹಿರಿಯರೋ, ಅಂತೂ ಅಧಿಕಾರದಲ್ಲಿ ಇದ್ದವರು ಅದಕ್ಕೆ ಬೆಂಬಲ ಕೊಡಬೇಕು. ನಮ್ಮ ಅಂಗಳದಲ್ಲಿ ಈ ಪೈಕಿ ಒಂದೂ ಇರಲಿಲ್ಲ. ತಲೆಮಾರುಗಟ್ಟಲೆ ಹತ್ತಿರವಿದ್ದೂ ಚೊಂಬಿಗೂ ಗೆರಟೆಗೂ ನಡುವಿನ ಆ ಒಂದು ಮೊಳ ಕಡಿಮೆಯಾಗಲಿಲ್ಲ.

ಕೊನೆಗೊಮ್ಮೆ ಕಡಿಮೆಯಾಯಿತು, ಆದರೆ ಉಪದೇಶದಿಂದಲ್ಲ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿ, 1955ರಲ್ಲಿ ಅದಕ್ಕೆ ಶಿಕ್ಷೆಯ ಕಾಯ್ದೆಯೂ ಬಂದಿತ್ತು. ನಮ್ಮ ಗೆರಟೆಗಳಿಗೆ ಅದರ ಸುದ್ದಿ ಮುಟ್ಟಿರಲಿಲ್ಲ. 1974ರ ಮಾರ್ಚ್‌ನಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರರು ‘ಡಿಕ್ಲರೇಷನ್’ ಹಾಕಿದರು, ಭೂನ್ಯಾಯ ಮಂಡಳಿಯ ಮುಂದೆ ಒಡೇರೂ ಒಕ್ಕಲೂ ಒಂದೇ ಬೆಂಚಿನಲ್ಲಿ ಸರದಿ ಕಾದರು. ಜಮೀನು ಸಿಕ್ಕವರು ಹೆಚ್ಚಾಗಿ ಗೇಣಿ ಮಾಡುತ್ತಿದ್ದ ಬೇರೆ ಜಾತಿಗಳವರು. ಬರೀ ಕೂಲಿಗಿದ್ದ ದಲಿತರಲ್ಲಿ ಬಹಳ ಜನಕ್ಕೆ ಚೂರೂ ಸಿಗಲಿಲ್ಲ. ಆದರೂ ಗಾಳಿ ಬದಲಾಗಿತ್ತು. ಕೂಲಿಗೆ ಬೇರೆ ಕಡೆ ಹೋಗಬಹುದು, ಗೆರಟೆ ಕೊಟ್ಟರೆ ನಾಳೆಯಿಂದ ಬರುವುದಿಲ್ಲ ಎನ್ನಬಹುದು ಎಂಬ ಧೈರ್ಯ ಎಳೆಯರಿಗೆ ಬಂತು. ಒಂದು ದಿನ ನಮ್ಮ ಕೊಟ್ಟಿಗೆಯ ಸೂರು ಖಾಲಿಯಾಗಿ, ಜಗಲಿಯ ಕಿಟಕಿಯಲ್ಲಿ ಸ್ಟೀಲಿನ ಲೋಟಗಳು ಬಂದವು. ಅವರಿಗೇ ಬೇರೆ ಲೋಟ, ಅದು ನಿಜ. ಅಜ್ಜಿ ಒಂದು ವಾರ ಮುಖ ಊದಿಸಿಕೊಂಡಿದ್ದು ಆಮೇಲೆ ಸುಮ್ಮನಾದರು. ದೇವರು ಕೋಪಿಸಿಕೊಂಡ ಲಕ್ಷಣವೇನೂ ಕಾಣಿಸಲಿಲ್ಲ, ಆ ವರ್ಷ ಅಡಕೆ ಫಸಲೂ ಚೆನ್ನಾಗಿಯೇ ಬಂತು.

ಹೆಂಗಸರ ವಿಚಾರಕ್ಕೆ ಬರುತ್ತೇನೆ. ತಿಂಗಳಿಗೆ ಮೂರು ದಿನ ನಾವೂ ಹೊರಗೆ ಕೂರುತ್ತಿದ್ದೆವು. ಹಿಂದಿನ ಜಗಲಿಯ ಮೂಲೆಯಲ್ಲಿ ಒಂದು ಚಾಪೆ, ಒಂದು ಕಂಬಳಿ, ತಟ್ಟೆಗೆ ಮೇಲಿನಿಂದ ಬೀಳುವ ಅನ್ನ. ನೀರು ಬೇಕೆಂದರೆ ಯಾರಾದರೂ ಬರುವವರೆಗೆ ಕಾಯಬೇಕು. ಕಾಯುವುದು ಹೇಗಿರುತ್ತದೆ, ಮೇಲಿನಿಂದ ಬಿದ್ದದ್ದನ್ನು ಎತ್ತಿ ತಿನ್ನುವುದು ಹೇಗಿರುತ್ತದೆ ಎಂಬುದು ಮನೆಯ ಪ್ರತಿ ಹೆಣ್ಣಿಗೂ ಮೈಯಾರೆ ಗೊತ್ತು. ಹಾಗಾದರೆ ಗೆರಟೆಯಲ್ಲಿ ಕುಡಿಯುವವರ ಕಷ್ಟ ಗಂಡಸರಿಗಿಂತ ಹೆಂಗಸರಿಗೆ ಬೇಗ ಅರ್ಥವಾಗಬೇಕಿತ್ತು. ಆಗಲಿಲ್ಲ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದವರು ಅದೇ ಚೊಂಬನ್ನು ಹಿಡಿದು ಅಷ್ಟೇ ಎತ್ತರದಿಂದ ಕಾಫಿ ಹೊಯ್ಯುತ್ತಿದ್ದರು. ನೋವು ಉಂಡವರಿಗೆ ಇನ್ನೊಬ್ಬರ ನೋವು ತಿಳಿಯುತ್ತದೆ ಎಂಬ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ತನ್ನ ನೋವು ದೇವರ ನಿಯಮ ಎಂದು ಒಪ್ಪಿಕೊಂಡವರು ಪಕ್ಕದವರ ನೋವನ್ನೂ ದೇವರ ಲೆಕ್ಕಕ್ಕೇ ಬರೆಯುತ್ತಾರೆ.

ಒಪ್ಪಿಕೊಳ್ಳದವರೂ ಇದ್ದರು. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ 1976ರಲ್ಲಿ ‘ಫಣಿಯಮ್ಮ’ ಕಾದಂಬರಿ ಬರೆದಾಗ ನಮ್ಮ ಕಡೆಯ ಹೆಂಗಸರು ಅದನ್ನು ಕೈಯಿಂದ ಕೈಗೆ ದಾಟಿಸಿಕೊಂಡು ಓದಿದರು. ತಮ್ಮ ಮನೆತನದಲ್ಲೇ ಬದುಕಿದ್ದ ಒಬ್ಬ ಬಾಲವಿಧವೆಯ ಕತೆಯನ್ನು ಆಧರಿಸಿ ಲೇಖಕಿ ಅದನ್ನು ಬರೆದಿದ್ದರು. ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದ್ದು 1983ರಲ್ಲಿ. ಫಣಿಯಮ್ಮ ಮಡಿಯಲ್ಲಿ ಒಂದು ಎಳೆಯಷ್ಟೂ ಸಡಿಲ ಬಿಡದವಳು. ಆದರೆ ಹೆರಿಗೆಯಾಗದೆ ನರಳುತ್ತಿರುವ ದಲಿತ ಹೆಣ್ಣಿನ ಸುದ್ದಿ ಬಂದಾಗ ಹೋಗುತ್ತಾಳೆ, ಮುಟ್ಟುತ್ತಾಳೆ, ಮಗುವನ್ನು ಹೊರಗೆ ತರುತ್ತಾಳೆ. ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆಯ ಪರವಾಗಿ ನಿಲ್ಲುತ್ತಾಳೆ. ಅವಳು ನಾಸ್ತಿಕಳಾಗಲಿಲ್ಲ, ಕ್ರಾಂತಿಕಾರಿಯ ಮಾತನ್ನೂ ಆಡಲಿಲ್ಲ. ಕಟ್ಟುನಿಟ್ಟನ್ನು ತನ್ನ ಮೈಗೆ ಇಟ್ಟುಕೊಂಡಳು, ಬೇರೆಯವರ ಮೇಲೆ ಹೇರಲಿಲ್ಲ. ನಂಬಿಕೆಯುಳ್ಳವರಿಗೂ ಇಲ್ಲದವರಿಗೂ ಆ ಕಾದಂಬರಿ ಇಷ್ಟವಾಗಿರುವುದಕ್ಕೆ ಇದೇ ಕಾರಣವಿರಬೇಕು.

ಎಲ್ಲ ಮಡಿ ಹೆಂಗಸರೂ ಫಣಿಯಮ್ಮನಾಗಲಿಲ್ಲ. ಒಮ್ಮೆ ನನ್ನ ಚಿಕ್ಕಪ್ಪನ ಮಗ ಬಚ್ಚಲಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಹಣೆ ಒಡೆದುಕೊಂಡ. ಶ್ರಾದ್ಧದ ದಿನ. ಅಜ್ಜಿ ಎರಡು ಮಾರು ದೂರದಲ್ಲಿ ಮಡಿಯಲ್ಲಿ ನಿಂತಿದ್ದಾರೆ, ಎರಡು ಕೈಯನ್ನೂ ಎದೆಗೆ ಒತ್ತಿಕೊಂಡು, ‘ಯಾರಾದ್ರೂ ಬನ್ರೋ, ಮಗು ಬಿತ್ತು, ಯಾರಾದ್ರೂ ಬನ್ರೋ’ ಎಂದು ಕೂಗುತ್ತಿದ್ದಾರೆ. ಅಳುತ್ತಿದ್ದರು ಕೂಡ. ತೋಟದಿಂದ ಅಪ್ಪ ಓಡಿ ಬರುವವರೆಗೂ ಎತ್ತಿಕೊಳ್ಳಲಿಲ್ಲ. ಅವರು ಮುಟ್ಟಿದ್ದರೆ ಮತ್ತೆ ಮೀಯಬೇಕು, ಅಡುಗೆ ತಡವಾಗಬೇಕು, ಬ್ರಾಹ್ಮಣರು ಕಾಯಬೇಕು, ಪಿತೃಗಳು ಕಾಯಬೇಕು. ಮೊಮ್ಮಗನ ಮೇಲೆ ಪ್ರೀತಿ ಕಡಿಮೆಯಿತ್ತೆಂದು ಯಾರೂ ಹೇಳಲಾರರು.

ಆ ದಿನವನ್ನು ನೆನೆದಾಗಲೆಲ್ಲ ಇನ್ನೊಂದು ಪ್ರಯೋಗ ನೆನಪಾಗುತ್ತದೆ. ಬೈಬಲ್ಲಿನಲ್ಲಿ ಒಳ್ಳೆಯ ಸಮಾರಿಯನ ಕತೆಯಿದೆಯಲ್ಲ: ಜೆರುಸಲೇಮಿನಿಂದ ಜೆರಿಕೋಗೆ ಹೋಗುವ ದಾರಿಯಲ್ಲಿ ಕಳ್ಳರು ಒಬ್ಬನನ್ನು ಬಡಿದು ಹಾಕಿ ಹೋಗಿರುತ್ತಾರೆ. ಪುರೋಹಿತನೊಬ್ಬ, ದೇವಾಲಯದ ಸೇವಕನೊಬ್ಬ ನೋಡಿಯೂ ಪಕ್ಕಕ್ಕೆ ಸರಿದು ಹೋಗುತ್ತಾರೆ. ಹೆಣವೇನಾದರೂ ಆಗಿದ್ದರೆ ಮುಟ್ಟಿ ಮೈಲಿಗೆಯಾದೀತೆಂಬ ಭಯ ಎಂದು ಕೆಲವು ವ್ಯಾಖ್ಯಾನಕಾರರು ಹೇಳುತ್ತಾರೆ. ಎತ್ತಿ ಉಪಚರಿಸಿದವನು ಯೆಹೂದ್ಯರು ಹತ್ತಿರ ಸೇರಿಸದ ಸಮಾರಿಯ ಜನಾಂಗದವನು. 1973ರಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಪ್ರಕಟಿಸಿದ ಅಧ್ಯಯನ ಪ್ರಿನ್ಸ್‌ಟನ್ನಿನ ದೇವತಾಶಾಸ್ತ್ರ ವಿದ್ಯಾರ್ಥಿಗಳ ಮೇಲೆ ನಡೆದದ್ದು. ಪಾದ್ರಿಗಳಾಗಲು ಓದುತ್ತಿದ್ದ ಹುಡುಗರು. ಕೆಲವರಿಗೆ ಇದೇ ಸಮಾರಿಯನ ಕತೆಯ ಮೇಲೆ, ಉಳಿದವರಿಗೆ ಬೇರೆ ವಿಷಯದ ಮೇಲೆ ಮಾತಾಡಲು ಹೇಳಿ ಪಕ್ಕದ ಕಟ್ಟಡಕ್ಕೆ ಕಳಿಸಿದರು. ದಾರಿಯ ಓಣಿಯಲ್ಲಿ ಒಬ್ಬ ಕುಸಿದು ಕೂತು ಕೆಮ್ಮುತ್ತಿದ್ದ. ನಿಧಾನವಾಗಿ ಹೋಗಬಹುದು ಎಂದು ಹೇಳಿಸಿಕೊಂಡವರಲ್ಲಿ ನೂರಕ್ಕೆ 63 ಮಂದಿ ನಿಂತು ವಿಚಾರಿಸಿದರು. ತಡವಾಯಿತು, ಓಡು ಎನ್ನಿಸಿಕೊಂಡವರಲ್ಲಿ ನಿಂತವರು ನೂರಕ್ಕೆ 10. ಸಮಾರಿಯನ ಕತೆಯನ್ನೇ ತಲೆಯಲ್ಲಿಟ್ಟುಕೊಂಡು ಹೊರಟವರಲ್ಲಿ ಕೆಲವರು ಆ ಮನುಷ್ಯನನ್ನು ದಾಟಿಕೊಂಡೇ ಹೋದರಂತೆ.

ಧರ್ಮಗ್ರಂಥದಲ್ಲಿ ಕರುಣೆಯ ಕತೆ ಇದೆಯೋ ಇಲ್ಲವೋ ಎಂಬುದಕ್ಕಿಂತ, ಆ ಗಳಿಗೆಯಲ್ಲಿ ಮನುಷ್ಯನಿಗೆ ನಿಲ್ಲುವುದಕ್ಕೆ ಬಿಡುವಿದೆಯೋ ಇಲ್ಲವೋ ಎಂಬುದು ಮುಖ್ಯ ಎಂದಾಯಿತು. ಮಡಿ ಆ ಬಿಡುವನ್ನು ಕಿತ್ತುಕೊಳ್ಳುತ್ತದೆ. ಹೊತ್ತು ಮೀರಬಾರದು, ನೈವೇದ್ಯ ತಡವಾಗಬಾರದು, ಕ್ರಮ ತಪ್ಪಬಾರದು. ಎಲ್ಲ ಧರ್ಮಗಳ ಕಟ್ಟುನಿಟ್ಟಿನವರಲ್ಲೂ ನಾನು ಈ ಧಾವಂತವನ್ನು ನೋಡಿದ್ದೇನೆ. ಎದುರಿಗೆ ಬಿದ್ದವನನ್ನು ನೋಡುವ ಮೊದಲೇ ಏನು ಮಾಡಬೇಕೆಂಬ ತೀರ್ಮಾನ ಆಗಿಹೋಗಿರುತ್ತದೆ.

ಆ ತೀರ್ಮಾನವನ್ನು ಬದಿಗಿಟ್ಟು ನಿಂತ ಒಬ್ಬರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಮಂಗಳೂರಿನ ಆಚೆ ಅವರ ಹೆಸರು ಸಾಕಷ್ಟು ಕೇಳಿಬರುವುದಿಲ್ಲ. ಕುದ್ಮುಲ್ ರಂಗರಾಯರು 1859ರಲ್ಲಿ ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದವರು. ಎಳೆಯ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಮಂಗಳೂರಿಗೆ ಬಂದು ಓದಿ, ಮೇಷ್ಟರಾಗಿ, ಆಮೇಲೆ ವಕೀಲರಾದರು. ಬ್ರಹ್ಮ ಸಮಾಜದ ಪ್ರಭಾವ ಅವರ ಮೇಲಿತ್ತು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಊರಿನ ವಿರೋಧಕ್ಕೆ ಅದು ನಿಲ್ಲಲಿಲ್ಲ. ಬೇರೆ ಕಡೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಮಕ್ಕಳು ಕೂಲಿ ಬಿಟ್ಟು ಶಾಲೆಗೆ ಬಂದರೆ ಮನೆಯ ಒಲೆ ಉರಿಯುವುದಿಲ್ಲ ಎಂದು ಅರಿತು ಮಧ್ಯಾಹ್ನದ ಊಟ ಹಾಕಿದರು, ಬಂದ ಮಕ್ಕಳಿಗೆ ದಿನಕ್ಕಿಷ್ಟು ಎಂದು ಕಾಸು ಕೊಟ್ಟರು. ಬಿಸಿಯೂಟ ಎಂಬ ಸರ್ಕಾರಿ ಯೋಜನೆಗೆ ಇನ್ನೂ ನೂರು ವರ್ಷವಿತ್ತು.

ಸ್ವಂತ ಜಾತಿಯವರು ಅವರನ್ನು ಹೊರಗೆ ಹಾಕಿದರು. ಅವರು ಹಿಂದೆ ಸರಿಯಲಿಲ್ಲ. ವಿಧವೆಯಾಗಿದ್ದ ಮಗಳು ರಾಧಾಬಾಯಿಯನ್ನು ಮದರಾಸಿಗೆ ಕಳಿಸಿ ಓದಿಸಿದರು. ಆಕೆ 1912ರಲ್ಲಿ ಬೇರೆ ಜಾತಿಯ ತಮಿಳು ಜಮೀನ್ದಾರ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. ಸುಬ್ಬರಾಯನ್ ಮುಂದೆ ಮದರಾಸ್ ಪ್ರಾಂತ್ಯದ ಪ್ರಧಾನಿಯಾದರು. ರಾಧಾಬಾಯಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದರು. ಅವರ ಮಕ್ಕಳಲ್ಲಿ ಒಬ್ಬರು ಭಾರತದ ಸೇನಾ ದಂಡನಾಯಕರಾದ ಜನರಲ್ ಕುಮಾರಮಂಗಲಂ. ಆದರೆ ರಂಗರಾಯರು ಬಯಸಿದ್ದು ಮೊಮ್ಮಕ್ಕಳ ಈ ವೈಭವವನ್ನಲ್ಲ. ತಾನು ಓದಿಸಿದ ದಲಿತ ಮಗುವೊಂದು ದೊಡ್ಡ ನೌಕರಿ ಹಿಡಿದು ಈ ದಾರಿಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತು. ಮಂಗಳೂರಿನಲ್ಲಿ ಇಂದಿಗೂ ಆ ಮಾತನ್ನು ನೆನೆಯುತ್ತಾರೆ. ತನ್ನ ಉತ್ತರಕ್ರಿಯೆ ದಲಿತರ ಕೈಯಿಂದಲೇ ಆಗಬೇಕೆಂದೂ ಹೇಳಿದ್ದರು. 1928ರ ಜನವರಿಯಲ್ಲಿ ತೀರಿಕೊಂಡರು. ಆರು ವರ್ಷದ ಮೇಲೆ ಗಾಂಧೀಜಿ ಮಂಗಳೂರಿಗೆ ಬಂದಾಗ ಅವರ ಕೆಲಸವನ್ನು ನೆನೆದು ಕೊಂಡಾಡಿದರು. ಮಂಗಳೂರಿನ ಪುರಭವನಕ್ಕೆ ಈಗ ಅವರ ಹೆಸರಿದೆ.

ತಲೆಯ ಮೇಲೆ ಧೂಳು ಬೀಳಲಿ ಎಂದು ಬಯಸುವುದು ಎಂಥದೆಂದು ಅರಿಯಬೇಕಾದರೆ ನಮ್ಮಂಥ ಮನೆಯಲ್ಲಿ ಬೆಳೆದಿರಬೇಕು. ದಲಿತರ ನೆರಳೂ ಬೀಳಬಾರದು ಎಂದು ಕಲಿಸುವ ಮನೆಗಳಿಂದ ಬಂದ ಮನುಷ್ಯ ಆತ. ಗಂಜಿ ಕಳಿಸಿದ್ದರೆ ಸಾಕಿತ್ತು, ಊರು ದಾನಿ ಎಂದು ಹೊಗಳುತ್ತಿತ್ತು, ಯಾರೂ ಹೊರಗೆ ಹಾಕುತ್ತಿರಲಿಲ್ಲ. ಹೊರಗೆ ಹಾಕಿದ್ದು ಅವರು ಸಮನಾಗಿ ನಿಂತದ್ದಕ್ಕೆ.

ನಾನು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿ ನಿವೃತ್ತಳಾದವಳು. ಕಟ್ಟುನಿಟ್ಟಿನ ಮನೆಗಳಿಂದ ಬಂದ ಮಕ್ಕಳನ್ನು ಎಲ್ಲ ಜಾತಿ, ಎಲ್ಲ ಮತಗಳಿಂದ ಕಂಡಿದ್ದೇನೆ. ಗಣೇಶನ ಹಬ್ಬದ ದಿನ ಕೋಸಂಬರಿ ಹಂಚುವಾಗ ಮೂರನೆಯ ಕ್ಲಾಸಿನ ಒಬ್ಬ ಹುಡುಗಿ ಮುಷ್ಟಿ ಬಿಗಿದುಕೊಂಡು ಅಳುತ್ತಾ ನಿಂತಳು. ಬೇರೆ ಮತದ ಮಗು. ತಿಂದರೆ ಪಾಪ ಎಂದು ಮನೆಯಲ್ಲಿ ಹೇಳಿದ್ದಾರೆ, ತಿನ್ನದಿದ್ದರೆ ಮೇಡಂ ಬೈಯುತ್ತಾರೆ, ನಡುವೆ ಸಿಕ್ಕಿಬಿದ್ದಿದೆ. ಜತೆಯಲ್ಲಿದ್ದ ಮೇಷ್ಟರೊಬ್ಬರಿಗೆ ಸಿಟ್ಟು ಬಂತು, ‘ಎಂಥ ಸೊಕ್ಕು ನೋಡಿ’ ಎಂದರು. ನನಗೆ ನಮ್ಮನೆ ಅಡುಗೆಮನೆ ನೆನಪಾಯಿತು. ಕಡ್ಡಿಮುರಿದಂತೆ ಬೇಡ ಎನ್ನುವ ಮಗು ಬಹುಮಟ್ಟಿಗೆ ಹೆದರಿದ ಮಗು. ಪೂಜೆಗೆ ಇಡದ ಬಾಳೆಹಣ್ಣೊಂದನ್ನು ಅವಳ ಕೈಗಿಟ್ಟು, ಅವಳ ಗೆಳತಿಯರ ಸಾಲಿನಲ್ಲೇ ಕೂರಿಸಿದೆ. ನಾಲ್ಕು ಜನರ ನಡುವೆ ಕೂತು ತಿಂದಳು. ಮನೆಯ ನಂಬಿಕೆಯನ್ನು ಮಗುವಿನ ಬಾಯಿಂದ ಕಿತ್ತುಹಾಕುವುದು ಶಾಲೆಯ ಕೆಲಸವಲ್ಲ. ಪಂಕ್ತಿಯಿಂದ ಯಾವ ಮಗುವೂ ಏಳದ ಹಾಗೆ ನೋಡಿಕೊಳ್ಳುವುದು ಶಾಲೆಯ ಕೆಲಸ.

ಅದೂ ಸುಲಭವಲ್ಲ. 2002ರಲ್ಲಿ ರಾಜ್ಯದಲ್ಲಿ ಅಕ್ಷರ ದಾಸೋಹ ಶುರುವಾದ ಮೇಲೆ, ಅಡುಗೆಯವರು ದಲಿತರು ಎಂಬ ಕಾರಣಕ್ಕೆ ತಾಯಿತಂದೆಯರು ಮಕ್ಕಳನ್ನು ಊಟದಿಂದ, ಕೆಲವು ಕಡೆ ಶಾಲೆಯಿಂದಲೇ ಬಿಡಿಸಿದ ಸುದ್ದಿಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ಮಕ್ಕಳಿಗೆ ಬಿಟ್ಟರೆ ಉಣ್ಣುತ್ತಾರೆ. ಹಸಿವಾಗಿರುತ್ತದೆ, ಸಾಂಬಾರು ಬಿಸಿಯಿರುತ್ತದೆ, ಪಕ್ಕದಲ್ಲಿ ಗೆಳೆಯನಿರುತ್ತಾನೆ. ಆಲ್‌ಪೋರ್ಟ್ ಹೇಳಿದ ಷರತ್ತುಗಳೆಲ್ಲ ಒಂದೇ ಜಾಗದಲ್ಲಿ ಸೇರುವುದು ನಮ್ಮ ದೇಶದಲ್ಲಿ ಎಲ್ಲಾದರೂ ಇದ್ದರೆ ಅದು ಸರ್ಕಾರಿ ಶಾಲೆಯ ಬಿಸಿಯೂಟದ ಪಂಕ್ತಿಯಲ್ಲಿ. ಅದನ್ನು ಕೆಡಿಸಲು ಬರುವವರು ದೊಡ್ಡವರು. 2022–23ರಿಂದ ರಾಜ್ಯದ ಮಕ್ಕಳಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡುತ್ತಿದ್ದಾರೆ. ಒಳ್ಳೆಯ ಏರ್ಪಾಟು. ಮೊಟ್ಟೆಯವರದೊಂದು ಸಾಲು, ಬಾಳೆಹಣ್ಣಿನವರದೊಂದು ಸಾಲು ಎಂದು ಕೂರಿಸತೊಡಗಿದರೆ ಮಾತ್ರ ಹಳೆಯ ಅಂಗಳ ಹೊಸ ರೂಪದಲ್ಲಿ ಮತ್ತೆ ಬರುತ್ತದೆ. ಮೇಷ್ಟರುಗಳು ಇದನ್ನು ಗಮನಿಸಬೇಕು.

ಬೆಂಗಳೂರಿನಲ್ಲಿ ನನ್ನ ಮಗನ ಅಪಾರ್ಟ್‌ಮೆಂಟಿನಲ್ಲಿ ಗಳವೂ ಇಲ್ಲ, ಮಡಿಯೂ ಇಲ್ಲ. ಕೆಲಸದವರಿಗೆ ಬೇರೆ ಲಿಫ್ಟ್ ಇದೆ. ಎಷ್ಟೋ ಮನೆಗಳಲ್ಲಿ ಸಿಂಕಿನ ಕೆಳಗೆ ಅವರದೇ ಒಂದು ಲೋಟ ಇದೆ, ‘ಹೈಜೀನ್’ ಎನ್ನುತ್ತಾರೆ. ದೇವರ ಹೆಸರು ಹೋಗಿದೆ, ಲೋಟ ಉಳಿದಿದೆ. ಅದನ್ನು ನೋಡುತ್ತಾ ಬೆಳೆಯುವ ಮಗು ಏನು ಕಲಿಯುತ್ತದೆ ಎಂದು ಪ್ರಯೋಗ ಮಾಡಿ ತಿಳಿಯಬೇಕಾಗಿಲ್ಲ.

ನಿಮ್ಮ ಮಕ್ಕಳಿಗೆ, ಮೊಮ್ಮಕ್ಕಳಿಗೆ ಸಂಧ್ಯಾವಂದನೆ ಕಲಿಸಿ, ನಮಾಜು ಕಲಿಸಿ, ಜಪಸರ ಕಲಿಸಿ. ನಾನೂ ಮೊಮ್ಮಗಳಿಗೆ ದೇವರ ನಾಮ ಹೇಳಿಕೊಡುತ್ತೇನೆ. ಜತೆಗೆ ಇಷ್ಟು ಮಾಡಿ: ನಾಳೆ ಬೆಳಗ್ಗೆ ಕೆಲಸದವರು ಬಂದಾಗ ಮಗುವಿನ ಎದುರಲ್ಲೇ ಆ ಬೇರೆ ಲೋಟವನ್ನು ತೆಗೆದುಬಿಡಿ. ನೀವು ಕುಡಿಯುವ ಲೋಟದಲ್ಲೇ ಅವರಿಗೂ ಕಾಫಿ ಕೊಟ್ಟು, ಕುರ್ಚಿ ಹಾಕಿ, ಅವರು ಒಪ್ಪಿದರೆ ಜತೆಗೆ ಕೂತು ಕುಡಿಯಿರಿ. ನಿಮ್ಮೂರಿನ ಸರ್ಕಾರಿ ಶಾಲೆಗೆ ಒಂದು ಮಧ್ಯಾಹ್ನ ಹೋಗಿ, ಮುಖ್ಯ ಶಿಕ್ಷಕರನ್ನು ಕೇಳಿಕೊಂಡು, ಮಕ್ಕಳ ಪಂಕ್ತಿಯಲ್ಲಿ ಕೂತು ಉಂಡು ಬನ್ನಿ. ಅಡುಗೆ ಮಾಡಿದವರು ಯಾರು ಎಂದು ಮಾತ್ರ ಕೇಳಬೇಡಿ.